ಅತ್ತೆಯವರ ಸಂಡಿಗೆಯೂ ನನ್ನ ಆಜೀವ ವಾರಂಟಿಯೂ

ನಾನು ಹೊಟ್ಟೆ ಹೊರೆಯುವುದು ಜನರಿಗೆ ‘ಇಲ್ಲ’ ಎಂದು ಹೇಳಿ. ಗಾಬರಿಯಾಗಬೇಡಿ, ನಾನು ಸಾಲ ಕೊಡುವವನೂ ಅಲ್ಲ, ಹೆಣ್ಣು ಕೊಡುವವನೂ ಅಲ್ಲ. ಗಿಂಡಿಯ ಕೈಗಾರಿಕಾ ವಸಾಹತಿನಲ್ಲಿ ನೀರೆತ್ತುವ ಮೋಟಾರು ಮಾಡುವ ಒಂದು ಕಂಪನಿಯಿದೆ; ಅದರ ವಾರಂಟಿ ವಿಭಾಗಕ್ಕೆ ನಾನು ಮುಖ್ಯಸ್ಥ. ಹೆಸರು ಅಂದಾನಿ. ಮೋಟಾರು ಸುಟ್ಟಿತು, ನಿಂತಿತು, ಕಿರುಚಿಕೊಂಡಿತು ಎಂದು ಗಿರಾಕಿಗಳು ನಮ್ಮ ಬಾಗಿಲಿಗೆ ಬರುತ್ತಾರೆ. ಅವರನ್ನು ಬಂದ ದಾರಿಯಲ್ಲೇ, ಆದರೆ ಬಂದದ್ದಕ್ಕಿಂತ ಹೆಚ್ಚು ಗೌರವದಿಂದ, ವಾಪಸು ಕಳಿಸುವುದು ನನ್ನ ಕೆಲಸ. ಸುಲಭವೆಂದು ತಿಳಿಯಬೇಡಿ. ‘ವೋಲ್ಟೇಜ್ ಏರಿಳಿತ’ ಎಂಬ ಎರಡೇ ಮಾತನ್ನು ನಾನು ಎಷ್ಟು ದುಃಖದಿಂದ ಹೇಳುತ್ತೇನೆಂದರೆ, ಗಿರಾಕಿಗಳೇ ನನಗೆ ಸಮಾಧಾನ ಹೇಳಿ ಹೋದದ್ದುಂಟು. (ಒಬ್ಬರಂತೂ ಹೋಗುವಾಗ ಬಾಳೆಹಣ್ಣು ಕೊಟ್ಟು ಹೋದರು.)

ಇಂಥ ನನಗೆ ಒಂದು ಟೆಂಟಿನ ವಿಷಯದಲ್ಲಿ ಆದ ಮುಖಭಂಗವನ್ನು ನಿಮ್ಮ ಹತ್ತಿರ ಅಲ್ಲದೆ ಇನ್ನಾರ ಹತ್ತಿರ ಹೇಳಿಕೊಳ್ಳಲಿ? ಮನೆಯವರ ಹತ್ತಿರ ಹೇಳುವಂತಿಲ್ಲ. ಅವರೆಲ್ಲ ಆಗ ಅಲ್ಲೇ ಇದ್ದರು.

ಟೆಂಟು ಕೊಂಡವನು ನಾನೇ. ಬೆಟ್ಟ ಹತ್ತುವ ಆಸೆಯಿಂದಲ್ಲ. ಕ್ರೋಂಪೇಟೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು ಕೆಟ್ಟ ದಿನ ಆಫೀಸಿಗೆ ರಜೆ ಹಾಕುವವನು ನಾನು. ಆದರೆ ಅಣ್ಣಾ ನಗರ್‌ನಲ್ಲಿ ‘ನೆಡುಮಲೈ ಔಟ್‌ಡೋರ್ಸ್’ ಎಂಬ ಚಾರಣದ ಸಾಮಾನಿನ ಅಂಗಡಿಯ ಗಾಜಿನ ಮೇಲೆ ‘ಆಜೀವ ವಾರಂಟಿ’ ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ಓದಿ ನಡುರಸ್ತೆಯಲ್ಲೇ ನಕ್ಕುಬಿಟ್ಟೆ. ನಾವು ಒಂದು ವರ್ಷದ ವಾರಂಟಿ ಕೊಟ್ಟು, ಅದರಲ್ಲೂ ಮಳೆಗಾಲವನ್ನು ಕಳೆಯಲು ದಾರಿ ಹುಡುಕುವವರು. ಆಜೀವವಂತೆ! ಈ ಮಹಾನುಭಾವರು ಗಿರಾಕಿ ಬಂದಾಗ ಹೇಗೆ ನುಣುಚಿಕೊಳ್ಳುತ್ತಾರೋ ನೋಡಿಯೇ ಬಿಡೋಣ, ವೃತ್ತಿಬಾಂಧವರಿಂದ ನಾಲ್ಕು ಪಟ್ಟು ಕಲಿಯುವುದಿದ್ದರೆ ಕಲಿಯೋಣ ಎಂದು ಇಬ್ಬರು ಮಲಗುವ ಒಂದು ಟೆಂಟು ತಂದೆ. ಟೆಂಟಿಗಾಗಿ ಟೆಂಟು ಕೊಳ್ಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ವಾರಂಟಿಗಾಗಿ ಕೊಂಡವನು ಬಹುಶಃ ನಾನೊಬ್ಬನೇ.

“ಇದ್ಯಾಕ್ರೀ ತಂದ್ರಿ?” ಎಂದಳು ನನ್ನ ಹೆಂಡತಿ ರಚನಾ.

“ಕೆಡ್ಲಿ, ಆಮೇಲೆ ಗೊತ್ತಾಗುತ್ತೆ,” ಎಂದೆ.

ಅಟ್ಟದ ಮೇಲೆ ಬಿದ್ದಿರುವ ವಸ್ತು ಕೆಡುವುದಾದರೂ ಹೇಗೆ? ಅದು ಕೆಡಲು ನಂಜನಗೂಡಿನಿಂದ ನಮ್ಮ ಅತ್ತೆ ಶಿವಲಿಂಗಮ್ಮನವರೇ ಬರಬೇಕಾಯಿತು.

ಬೇಸಿಗೆಯಲ್ಲಿ ಚೆನ್ನೈಯಿಂದ ಜನ ಓಡಿಹೋಗುವುದು ವಾಡಿಕೆ. ನಮ್ಮ ಅತ್ತೆ ಬೇಸಿಗೆಯಲ್ಲಿ ಚೆನ್ನೈಗೆ ಬರುತ್ತಾರೆ. ಮಗಳನ್ನು ನೋಡಲು ಎಂದು ನಾನು ಮೊದಮೊದಲು ನಂಬಿದ್ದೆ, ಆಮೇಲೆ ಮೊಮ್ಮಗಳನ್ನು ನೋಡಲು ಎಂದುಕೊಂಡೆ. ಅವರು ಬರುವುದು ಬಿಸಿಲನ್ನು ನೋಡಲು. “ಇಂಥ ಬಿಸ್ಲು ನಮ್ಮೂರ್ನಲ್ಲಿ ಎಲ್ಲಿ ಸಿಕ್ಕತ್ತೆ ಅಳಿಯಂದ್ರೇ? ಬೆಳಿಗ್ಗೆ ಹಾಕಿದ್ ಸಂಡಿಗೆ ಸಂಜೆಗೆ ಗಲಗಲ ಅಂತದೆ,” ಎಂದು ನಮ್ಮ ಟೆರೇಸಿನ ಮೇಲೆ ನಿಂತು ಸೂರ್ಯನನ್ನು ಕಣ್ತುಂಬ ನೋಡುತ್ತಾರೆ. ಅಕ್ಕಿ ಸಂಡಿಗೆ, ಸಾಬಕ್ಕಿ ಸಂಡಿಗೆ, ಬೂದುಗುಂಬಳದ ಸಂಡಿಗೆ. ನಂಜನಗೂಡಿನ ಅವರ ಬಂಧುಬಳಗ ವರ್ಷವಿಡೀ ಕರಿದು ತಿನ್ನುವುದೆಲ್ಲ ಕ್ರೋಂಪೇಟೆಯ ಬಿಸಿಲಲ್ಲಿ ಒಣಗಿದ್ದು.

ಆದರೆ ಬಿಸಿಲಿದ್ದಲ್ಲಿ ಕಾಗೆಯೂ ಇರುತ್ತದಲ್ಲ. ನಮ್ಮ ಕಡೆಯ ಕಾಗೆಗಳು ಧೈರ್ಯಸ್ಥ ಕಾಗೆಗಳು, ಕೋಲಿಗೆ ಹೆದರುವುದಿಲ್ಲ. ಹೀಗಿರುವಾಗ ಒಂದು ದಿನ ಅಟ್ಟದಲ್ಲಿ ಹಳೆ ಸೀರೆ ಹುಡುಕುತ್ತಿದ್ದ ಅತ್ತೆಯವರಿಗೆ ಟೆಂಟು ಸಿಕ್ಕಿತು. ಬಿಚ್ಚಿ ನೋಡಿದರೆ ಮೇಲೆಲ್ಲ ಸೊಳ್ಳೆಪರದೆಯಂಥ ಬಲೆ, ಬಿಸಿಲು ಬರುತ್ತದೆ, ಗಾಳಿ ಬರುತ್ತದೆ, ಕಾಗೆ ಬರುವುದಿಲ್ಲ! “ಇದನ್ನ ಯಾರೋ ಪುಣ್ಯಾತ್ಮರು ಸಂಡಿಗೆಗೇ ಅಂತ ಮಾಡವ್ರೆ ಕಣವ್ವ,” ಎಂದು ಮಗಳಿಗೆ ಹೇಳಿದರಂತೆ. ಅಂದಿನಿಂದ ಪ್ರತಿ ಬೇಸಿಗೆ ನನ್ನ ಟೆಂಟು ಟೆರೇಸಿನ ಮೇಲೆ. ನಾನು ಆಫೀಸಿನಲ್ಲಿ ಜನರ ಮೋಟಾರುಗಳನ್ನು ತಿರಸ್ಕರಿಸುತ್ತಿದ್ದಾಗ ಅದರೊಳಗೆ ಸಂಡಿಗೆಗಳು ಸಾಲಾಗಿ ಮಲಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ನನಗೆ ಒಂದು ಮಾತು ಹೇಳಲಿಲ್ಲ.

ಈ ವರ್ಷ ಏಪ್ರಿಲ್ ತಿಂಗಳಲ್ಲಿ ಒಂದು ಸಂಜೆ ನನ್ನ ಮಗಳು ಮೌನ ನನ್ನ ಹತ್ತಿರ ಬಂದು ನಿಂತಳು. (ಹೆಸರಿಟ್ಟಾಗ ಮಗು ನಿದ್ದೆಯಲ್ಲಿತ್ತು, ನಮ್ಮದು ತಪ್ಪಿಲ್ಲ.) ಒಂಬತ್ತನೇ ತರಗತಿಯ ಹುಡುಗಿ ಅಪ್ಪನ ಹತ್ತಿರ ತಾನಾಗಿ ಬಂದಳೆಂದರೆ ಮೊಬೈಲಿಗೆ ರೀಚಾರ್ಜು ಮಾಡಿಸುವುದಿದೆ ಎಂದೇ ಅರ್ಥ. ನಾನು ಫೋನು ಕೈಗೆತ್ತಿಕೊಂಡೆ.

“ಅದಿಲ್ಲಪ್ಪಾ. ಸ್ಕೂಲ್ ಕ್ಯಾಂಪ್, ಏಲಗಿರಿ ಬೆಟ್ಟಕ್ಕೆ. ಈ ಶನಿವಾರಾನೂ ಅಲ್ಲ, ಮುಂದಿನ್ ಶನಿವಾರಾನೂ ಅಲ್ಲ, ಅದರಾಚೆ ಶನಿವಾರ. ಮನೆಯಿಂದ ಒಬ್ಬ್ರಾದ್ರೂ ಜೊತೆಗೆ ಬರ್ಬೇಕು, ಟೆಂಟ್ ಅವರವರ್ದೇ ತರ್ಬೇಕು. ನೀ ವರ್ರಿಯಾ?” ಎಂದಳು. ಕೊನೆಯದು ತಮಿಳು. ಮುಖ್ಯವಾದದ್ದನ್ನೆಲ್ಲ ಅವಳು ತಮಿಳಿನಲ್ಲೇ ಕೇಳುವುದು.

‘ನೀನು ಬರ್ತೀಯಾ’ ಎಂದು ನನ್ನನ್ನು ಈ ಮನೆಯಲ್ಲಿ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ! ‘ಬರಬೇಕಂತೆ’, ‘ಬರಲಿಲ್ಲವಂತೆ’ ಎಂಬುದನ್ನೇ ಕೇಳಿ ಅಭ್ಯಾಸವಾಗಿದ್ದ ಕಿವಿಗೆ ಅದು ಜೇನು. ಇವಳು ಇನ್ನೊಂದೆರಡು ವರ್ಷಕ್ಕೆ ಹಾಸ್ಟೆಲು, ಕಾಲೇಜು ಎಂದು ಹೊರಟುಬಿಡುತ್ತಾಳೆ, ಆಮೇಲೆ ಕೇಳುವುದಿಲ್ಲ. “ಬರ್ತೀನಿ ಕಂದಾ, ಟೆಂಟು ನಮ್ಮನೇಲೇ ಇದೆ! ಅದೂ ಆಜೀವ ವಾರಂಟಿದು!” ಎಂದು ಅಟ್ಟ ಹತ್ತಿದೆ.

ಅಟ್ಟದಲ್ಲಿ ಟೆಂಟು ಇರಲಿಲ್ಲ. ಅದಿದ್ದ ಜಾಗವನ್ನೂ ಇದ್ದ ಸ್ಥಿತಿಯನ್ನೂ ವಿವರಿಸಲು ನನಗೆ ಈಗಲೂ ಸಂಕಟ. ಟೆರೇಸಿನ ಮೂಲೆಯಲ್ಲಿ, ಒಂದು ಕಡೆಗೆ ವಾಲಿಕೊಂಡು, ಅತ್ತೆಯವರ ಸೀರೆಯ ಅಂಚಿನಿಂದ ನೀರಿನ ಪೈಪಿಗೆ ಕಟ್ಟಿಸಿಕೊಂಡು ನಿಂತಿತ್ತು. ಬಾಗಿಲಿನ ಜಿಪ್ಪಿನ ಹಲ್ಲುಗಳಲ್ಲಿ ಅಕ್ಕಿ ಹಿಟ್ಟಿನ ಗಂಜಿ ಒಣಗಿ ಕಲ್ಲಾಗಿತ್ತು. ಜಿಪ್ಪು ಸರಿಯಲೆಂದು ಅದಕ್ಕೆ ಹರಳೆಣ್ಣೆ ಹಚ್ಚಿದ್ದರು. ಎಣ್ಣೆಗೆ ಇರುವೆ ಬಂದಿತ್ತು. ಇರುವೆಗೆ ಅರಿಶಿನ ಹಾಕಿದ್ದರು. ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡ ಜಿಪ್ಪು, ಕಡೆಗೆ ರಚನಾ ಇಕ್ಕಳ ಹಾಕಿ ಎಳೆದಾಗ ಅವಳ ಕೈಗೇ ಬಂದಿತ್ತು. ಟೆಂಟಿನ ಎರಡು ಕೋಲುಗಳಲ್ಲಿ ಒಂದು ಸೀಳಿತ್ತು. ಅದನ್ನು ಬಿಚ್ಚಿ ಕಾಗೆಗೆ ಬೀಸಿದಾಗ ಕಾಗೆ ತಪ್ಪಿಸಿಕೊಂಡು ಕೋಲು ಗೋಡೆಗೆ ಬಡಿಯಿತಂತೆ.

“ಹೊಸ್ದೊಂದು ತಗೊಂಡ್ಬಿಡ್ಲಾ?” ಎಂದೆ ಮೆಲ್ಲಗೆ.

“ಜೀವಮಾನದ ಗ್ಯಾರಂಟಿ ಇರೋದು ಒಂದು ಮನೇಲಿದೆ. ಇನ್ನೊಂದು ಯಾವ ಜನ್ಮಕ್ಕೆ?” ಎಂದಳು ರಚನಾ. “ಅಂಗಡಿಗೆ ತಗೊಂಡ್ಹೋಗಿ, ಇದ್ದಿದ್ದು ಇದ್ದ ಹಾಗೆ ಹೇಳಿ, ರಿಪೇರಿ ಮಾಡ್ಕೊಡ್ತಾರೆ.”

ನಾನು ನಕ್ಕೆ. ಗರುಡನ ಮುಂದೆ ಹಾವು ಹಿಡಿಯುವ ಪಾಠ! “ರಚ್ಚೂ, ಇದ್ದಿದ್ದು ಇದ್ದ ಹಾಗೆ ಹೇಳೋ ಗಿರಾಕಿ ಅಂದ್ರೆ ನಮ್ಮ ಡಿಪಾರ್ಟ್‌ಮೆಂಟಿಗೆ ಹಬ್ಬ,” ಎಂದು ವೃತ್ತಿರಹಸ್ಯ ಬಿಚ್ಚಿದೆ. “ಹೋದ್ವಾರ ತಾಂಬರಂನಿಂದ ಒಬ್ರು ಅಂಬುಜಮ್ಮ ಅಂತ ಫೋನ್ ಮಾಡಿದ್ರು. ‘ಸಂಪಲ್ಲಿ ಒಂಚೂರು ತೆಂಗಿನ ನಾರು ಬಿದ್ದಿತ್ತು ಸಾರ್’ ಅಂದ್ರು ಪಾಪ. ಮುಗೀತು! ಬಳಕೆದಾರರ ಅಜಾಗರೂಕತೆ ಅಂತ ಬರ್ದೆ, ಫೋನ್ ಇಟ್ಟೆ. ನಾರಿನ ಸುದ್ದಿ ಎತ್ತದೇ ಇದ್ದಿದ್ರೆ ನಾನು ಎಷ್ಟು ಒದ್ದಾಡ್ಬೇಕಿತ್ತು ಗೊತ್ತಾ?”

“ನಿಮ್ಗೆ ನಿದ್ದೆ ಹೇಗ್ರೀ ಬರುತ್ತೆ?” ಎಂದಳು.

ಬರುತ್ತದೆ. ಆದರೆ ಅಂದು ಬರಲಿಲ್ಲ. ಸಂಡಿಗೆ ಎಂಬ ಪದ ನೆಡುಮಲೈಯವರ ಕಿವಿಗೆ ಬಿದ್ದರೆ ನನ್ನ ಕತೆ ಮುಗಿದ ಹಾಗೆ. ಟೆಂಟು ಬೆಟ್ಟದ ಮೇಲೆಯೇ ಕೆಟ್ಟಿರಬೇಕು. ಅದೂ ಸಣ್ಣಪುಟ್ಟ ಬೆಟ್ಟ ಸಾಲದು. ಬೆಳಗಾಗುವುದರೊಳಗೆ ನಿರ್ಧರಿಸಿಬಿಟ್ಟೆ: ಹಿಮಾಲಯ.

ವಿಮಾನ ನಿಲ್ದಾಣದ ಬೆನ್ನಿಗೇ ತ್ರಿಶೂಲಂ ಗುಡ್ಡವಿದೆ, ನಮ್ಮ ಮನೆಗೆ ಹತ್ತಿರ. ಭಾನುವಾರ ಹೊತ್ತು ಹುಟ್ಟುವ ಮೊದಲು ರಚನಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಟೆಂಟನ್ನು ಕಾಲ ಬಳಿ ಇಟ್ಟುಕೊಂಡು ಹೋದೆ. ಬಂಡೆಯ ಮೇಲೆ ಟೆಂಟು ನಿಲ್ಲಿಸಿ, ಉಣ್ಣೆಯ ಸ್ವೆಟರು, ಮಂಕಿ ಕ್ಯಾಪು, ಮಫ್ಲರು ತೊಟ್ಟೆ. ಏಪ್ರಿಲ್ ತಿಂಗಳ ಚೆನ್ನೈಯಲ್ಲಿ ಸ್ವೆಟರು ತೊಟ್ಟವನಿಗೆ ನರಕದ ಭಯ ಇರುವುದಿಲ್ಲ. ಹಿಮ ಬೇಕಲ್ಲ, ಅದಕ್ಕೆ ರಂಗೋಲಿ ಪುಡಿ ಒಯ್ದಿದ್ದೆ. ಟೆಂಟಿನ ಸುತ್ತ ಧಾರಾಳವಾಗಿ ಎರಚಿದೆ.

“ನಡುಗಿ,” ಎಂದಳು ರಚನಾ ಫೋನು ಹಿಡಿದು.

“ನಡುಗ್ತಾ ಇದೀನಲ್ಲ!”

“ಅದು ನಡುಕ ಅಲ್ಲ ಕಣ್ರೀ, ಏದುಸಿರು. ಬೆವರು ಒರ್‌ಸ್ಕೊಳ್ಳಿ ಮೊದ್ಲು. ಹಿಮಾಲಯದಲ್ಲಿ ಯಾರ್ ಹಾಗೆ ಬೆವರ್ತಾರೆ? ಅಯ್ಯೋ, ಮೇಕೆ ಬಂತು!”

ಮೇಕೆ ಬಂದು ರಂಗೋಲಿ ಹಿಮವನ್ನು ಮೂಸಿ, ಸೀನಿ, ಟೆಂಟಿನೊಳಕ್ಕೆ ತಲೆ ಹಾಕಿತು. ಬರಲಿ, ಹಿಮಾಲಯದಲ್ಲೂ ಮೇಕೆಗಳಿವೆ ಎಂದು ಅದನ್ನೂ ಚಿತ್ರಕ್ಕೆ ಸೇರಿಸಿಕೊಂಡೆವು. ಆದರೆ ನಮ್ಮ ಅದೃಷ್ಟಕ್ಕೆ, ನಾನು ಮುಖದಲ್ಲಿ ಸರಿಯಾದ ಹಿಮಗಾಳಿಯ ಭಾವ ತಂದುಕೊಂಡಾಗಲೆಲ್ಲ ತಲೆಯ ಮೇಲೆ ಒಂದು ವಿಮಾನ ಚಕ್ರ ಇಳಿಬಿಟ್ಟುಕೊಂಡು ಇಳಿಯುತ್ತಿತ್ತು. ವಿಮಾನವಿಲ್ಲದ ಫೋಟೋಗಳನ್ನು ಆರಿಸಿ, ಅವುಗಳ ಜೊತೆಗೆ ಒಂದು ಮಿಂಚಂಚೆ ಬರೆದೆ: ಹಿಮಾಲಯದ ಘೋರ ಚಳಿಯಲ್ಲಿ, ಪ್ರಾಣಾಂತಿಕ ಗಾಳಿಯಲ್ಲಿ, ನಿಮ್ಮ ಟೆಂಟು ಕೈಕೊಟ್ಟು ನಾನು ದೈವಕೃಪೆಯಿಂದ ಬದುಕಿ ಬಂದಿದ್ದೇನೆ. ನಾನೇ ಓದಿ ನಾನೇ ಬೆಚ್ಚಿಬಿದ್ದೆ.

ಮಧ್ಯಾಹ್ನ ಊಟಕ್ಕೆ ಕೂರುವುದರೊಳಗೆ ಉತ್ತರ ಬಂತು. ‘ನಮ್ಮ ಟೆಂಟಿನಿಂದ ನಿಮಗೆ ತೊಂದರೆಯಾದದ್ದಕ್ಕೆ ವಿಷಾದವಿದೆ. ನಿಮಗೆ ಅನುಕೂಲವಾದ ದಿನ ಅಂಗಡಿಗೆ ತನ್ನಿ. ಬಿಲ್ಲು ಇಲ್ಲದಿದ್ದರೂ ಪರವಾಗಿಲ್ಲ.’

ಬಿಲ್ಲು ಇಲ್ಲದಿದ್ದರೂ ಪರವಾಗಿಲ್ಲ! ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಬಿಲ್ಲಿನ ಮೂಲ ಪ್ರತಿ, ಅದರ ಮೇಲೆ ಡೀಲರ ಮೊಹರು, ಮೊಹರಿನ ಮೇಲೆ ರುಜು, ಇವು ಮೂರೂ ಇದ್ದವರನ್ನೇ ನಾನು ತಿಂಗಳುಗಟ್ಟಲೆ ಅಲೆದಾಡಿಸುತ್ತೇನೆ. ಇದು ಬಲೆ ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ನಾನೂ ಗಿರಾಕಿಯನ್ನು ಬಲಿ ಹಾಕುವ ಮುನ್ನ ಹೀಗೆಯೇ ಕೂರಿಸಿ ನೀರು ಕೊಡುತ್ತೇನಲ್ಲ. ಕೂಡಲೇ ಗ್ರಾಹಕರ ನ್ಯಾಯಾಲಯದ ಹೆಸರೆತ್ತಿ ಒಂದು ಖಡಕ್ ಉತ್ತರ ಕಳಿಸಿದೆ. ಅದಕ್ಕೂ ಮರುತ್ತರ ಬಂತು: ‘ಖಂಡಿತ ಬನ್ನಿ ಸಾರ್. ಶನಿವಾರ ಬಂದರೆ ನಮ್ಮಲ್ಲಿ ಒಳ್ಳೆಯ ಫಿಲ್ಟರ್ ಕಾಫಿಯೂ ಇರುತ್ತದೆ.’ ಎಂಥ ನುರಿತ ಶತ್ರು ಎಂದು ಮನಸ್ಸಿನಲ್ಲೇ ಕೈಮುಗಿದೆ.

ಶನಿವಾರ ಹೊರಟೆವು. ಕ್ಯಾಂಪಿಗೆ ಇನ್ನೊಂದೇ ವಾರ. ನಾನೊಬ್ಬನೇ ಹೋಗುವವನಿದ್ದೆ. ಮೌನ “ನಾನೂ ನೋಡ್ಬೇಕು” ಎಂದಳು. ನಾನಿಲ್ಲದೆ ಇವರನ್ನು ನಂಬುವುದು ಹೇಗೆ ಎಂದು ರಚನಾ ಹೊರಟಳು. ಮೆಟ್ರೋದಲ್ಲಿ ತಣ್ಣಗಿರುತ್ತದೆ ಎಂದು ಕೇಳಿದ್ದ ಅತ್ತೆಯವರೂ ಹೊರಟರು. ಕ್ರೋಂಪೇಟೆಯಲ್ಲಿ ಲೋಕಲ್ ಟ್ರೈನು ಹತ್ತಿ, ಪರಂಗಿಮಲೆಯಲ್ಲಿ ಇಳಿದು ಮೆಟ್ರೋ ಹಿಡಿದು, ಟೆಂಟಿನ ಹೆಣವನ್ನು ಹೊತ್ತ ನಮ್ಮ ಮೆರವಣಿಗೆ ಅಣ್ಣಾ ನಗರ್ ತಲುಪಿತು. ದಾರಿಯುದ್ದಕ್ಕೂ ಎಲ್ಲರಿಗೂ ಪಾಠ ಹೇಳಿಕೊಟ್ಟೆ: ಯಾರೂ ಬಾಯಿ ಬಿಡಕೂಡದು, ಮಾತಾಡುವವನು ನಾನೊಬ್ಬನೇ. ಅತ್ತೆಯವರು ಮಡಿಲಲ್ಲಿ ಬಟ್ಟೆಯ ಕೈಚೀಲ ಇಟ್ಟುಕೊಂಡು ತಲೆಯಾಡಿಸಿದರು. ಆ ಚೀಲದಲ್ಲೇನಿದೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಅಂಗಡಿಯ ಸರ್ವಿಸ್ ಕೌಂಟರಿನಲ್ಲಿ ಒಬ್ಬ ಚೂಟಿ ಹುಡುಗಿ ಕುಳಿತಿದ್ದಳು. ನಾವು ನಮ್ಮೊಳಗೆ ಗುಸುಗುಸು ಮಾತಾಡುವುದು ಕೇಳಿ ಮುಖ ಅರಳಿಸಿ, “ಓ, ನೀವು ಕನ್ನಡದವರಾ? ನಾನು ಅನ್ವಿತಾ. ನಮ್ದು ಉಡುಪಿ ಹತ್ರ. ಅಪ್ಪನಿಗೆ ಇಲ್ಲೇ ಹೋಟ್ಲು ಉಂಟು. ಕೂತ್ಕೊಳ್ಳಿ, ಕಾಫಿ ಕುಡೀರಿ ಮೊದಲು,” ಎಂದಳು. ಭಾಷಾಬಾಂಧವ್ಯದ ಅಸ್ತ್ರ! ನಾನು ಸೋಲಲಿಲ್ಲ. ಗಂಟಲು ಸರಿ ಮಾಡಿಕೊಂಡು ಕತೆ ಶುರುಮಾಡಿದೆ. ಹಿಮಾಲಯ, ನಡುರಾತ್ರಿ, ಹಿಮಗಾಳಿ, ಜಿಪ್ಪಿಗೆ ಹಿಮ ಹಿಡಿದುಕೊಂಡಿತು, ಕೋಲು ಎರಡಾಯಿತು, ನಾನು ಹೆಂಡತಿ ಮಕ್ಕಳನ್ನು ನೆನೆದೆ. ನೆನೆದ ಹೆಂಡತಿ ಪಕ್ಕದಲ್ಲೇ ಕುಳಿತು ಗೋಡೆ ನೋಡುತ್ತಿದ್ದಳು.

ಆಗ ಅತ್ತೆಯವರು ಎದ್ದರು.

ನಮ್ಮ ಅತ್ತೆಯವರದು ಒಂದು ಕಟ್ಟುನಿಟ್ಟು: ಯಾರಿಂದಲಾದರೂ ಉಪಕಾರ ಬೇಕಾಗಿ ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ಡಾಕ್ಟರ ಹತ್ತಿರ ಹೋದರೂ ನಿಂಬೆಹಣ್ಣಾದರೂ ಇರಬೇಕು. ಅವರು ಕೈಚೀಲದಿಂದ ಒಂದು ದೊಡ್ಡ ಪೊಟ್ಟಣ ತೆಗೆದು ಕೌಂಟರಿನ ಮೇಲಿಟ್ಟರು.

“ತಕ ಮಗಾ, ಅಕ್ಕಿ ಸಂಡಿಗೆ. ನಿಂಗೇ ಅಂತ ತಂದೆ. ನಿಮ್ ಟೆಂಟಲ್ಲೇ ಒಣಗ್ಸಿದ್ದು. ಒಂದು ಕಾಗೆ ಮುಟ್ಟಿಲ್ಲ, ಆಣೆ ಮಾಡ್ತೀನಿ. ಮೂರ್ ಬೇಸ್ಗೆ ನಡೀತು ಕಣವ್ವ, ಏನ್ ಗಟ್ಟಿ ಮಾಲು! ಈ ಬೇಸ್ಗೆಯೇ ಪಾಪ, ಗಂಜಿ ಕುಡ್ದು ಜಿಪ್ಪು ಹಿಡ್ಕತ್ತು.”

ನಾನು ಭೂಮಿ ಬಾಯಿಬಿಡುವುದನ್ನು ಕಾಯುತ್ತಿದ್ದೆ. ಮೌನ ನನ್ನನ್ನೇ ನೋಡುತ್ತಿದ್ದಳು; ಆ ನೋಟ ತಡೆಯುವುದು ಕಷ್ಟವಾಯಿತು. ಏಲಗಿರಿ ಹೋಯಿತು, ಅಪ್ಪನ ಮರ್ಯಾದೆಯೂ ಹೋಯಿತು, ಇನ್ನು ಇವಳು ಜನ್ಮದಲ್ಲಿ ನನ್ನನ್ನು ಎಲ್ಲಿಗೂ ಕರೆಯುವುದಿಲ್ಲ ಎಂದುಕೊಂಡೆ.

ಅನ್ವಿತಾ ಪೊಟ್ಟಣ ಬಿಚ್ಚಿ ಮೂಸಿ, “ಅಮ್ಮಾ, ಜೀರಿಗೆ ಹಾಕಿದ್ದೀರಲ್ಲ! ಎಷ್ಟು ಚಂದ ಉಂಟು!” ಎಂದಳು. ಆಮೇಲೆ ನನ್ನ ಕಡೆ ತಿರುಗಿ, ನಗು ತಡೆದುಕೊಂಡು, “ಸಾರ್, ಬೇಜಾರು ಮಾಡ್ಕೊಳ್ಬೇಡಿ. ನಿಮ್ಮ ಫೋಟೋ ನಮ್ಮ ವರ್ಕ್‌ಶಾಪಿನವರೆಲ್ಲ ನೋಡಿದ್ದಾರೆ. ಅದು ತ್ರಿಶೂಲಂ ಅಂತ ಆವತ್ತೇ ಗೊತ್ತಾಗಿತ್ತು. ಹೊಸಬರಿಗೆ ಟೆಂಟು ಕಟ್ಟೋದು ನಾವು ಕಲಿಸೋದು ಅದೇ ಬಂಡೆ ಮೇಲೆ,” ಎಂದಳು.

“ಮತ್ತೆ... ಗೊತ್ತಿದ್ದೂ ತನ್ನಿ ಅಂದ್ರಾ?”

“ಜಿಪ್ಪು ಹಾಳಾದದ್ದು ನಿಜ ಅಲ್ವಾ ಸಾರ್? ನಮಗೆ ಅಷ್ಟು ಸಾಕು.”

“ಆದ್ರೆ ಸಂಡಿಗೆ ಒಣಗ್ಸಿದ್ದು...”

“ಟೆರೇಸ್ ಅಂದ್ರೆ ಔಟ್‌ಡೋರೇ ಅಲ್ವಾ? ಬಿಸಿಲು, ಗಾಳಿ, ಕಾಗೆ ಎಲ್ಲ ಉಂಟಲ್ಲ. ಅದಕ್ಕೇ ಟೆಂಟು ಇರೋದು. ನಮ್ಮ ಜಿಪ್ಪು ಗಂಜಿಗೆ ಸೋಲಬಾರದಿತ್ತು. ಬದಲಾಯಿಸಿ ಕೊಡ್ತೇವೆ.”

ಇಲ್ಲಿ ಸುಮ್ಮನಿದ್ದಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ಆದರೆ ಇಷ್ಟು ವರ್ಷದ ವೃತ್ತಿಧರ್ಮ ಒಳಗಿನಿಂದ ಎದ್ದು ಬಂತು. ಒಬ್ಬ ವಾರಂಟಿ ಅಧಿಕಾರಿಯ ಕಣ್ಣೆದುರು ಒಂದು ಕ್ಲೈಮು ಹೀಗೆ ಅನಾಥವಾಗಿ, ಹೋರಾಟವಿಲ್ಲದೆ ಪಾಸಾಗುವುದೆಂದರೇನು?

“ಹಾಗೆಲ್ಲ ಕೊಡಕ್ಕಾಗಲ್ಲಮ್ಮ!” ಎಂದು ಮೇಜು ಕುಟ್ಟಿದೆ. “ಇದು ಶುದ್ಧ ಬಳಕೆದಾರರ ಅಜಾಗರೂಕತೆ! ಹರಳೆಣ್ಣೆ ಹಚ್ಚಿದಾರೆ, ಅನಧಿಕೃತ ರಿಪೇರಿ! ಇಕ್ಕಳ ಹಾಕಿದಾರೆ, ನೋಡಿ, ಇಲ್ಲಿ ಗುರುತಿದೆ! ಕೋಲಲ್ಲಿ ಕಾಗೆಗೆ ಹೊಡ್ದಿದಾರೆ! ಒಂದಲ್ಲ, ಬೇಕಾದಷ್ಟು ಕಾರಣ ಇದೆ ತಿರಸ್ಕರಿಸೋಕೆ. ಹೀಗೆ ಕೊಡ್ತಾ ಹೋದ್ರೆ ನಿಮ್ಮ ಕಂಪನಿ ಮುಳುಗಿಹೋಗುತ್ತೆ!”

“ಅಪ್ಪಾ,” ಎಂದಳು ಮೌನ, “ನೀ ಯಾರ್ ಸೈಡು?”

ನನಗೂ ತಿಳಿಯಲಿಲ್ಲ. ಅನ್ವಿತಾ ತಾಳ್ಮೆಯಿಂದ, “ಮುಳುಗಿಲ್ಲ ಸಾರ್. ಸರಿಮಾಡಿಸಿಕೊಂಡು ಹೋದವರು ನಾಲ್ಕು ಜನರನ್ನು ಕರ್ಕೊಂಡು ಬರ್ತಾರೆ,” ಎಂದಳು. ನಾನು ಅದಕ್ಕೂ ಉತ್ತರ ಹೇಳಲು ಬಾಯಿ ತೆರೆದೆ. ಅತ್ತೆಯವರು, “ಅಳಿಯಂದ್ರು ಒಸಿ ಕಾಫಿ ಕುಡೀಲಿ,” ಎಂದು ಲೋಟವನ್ನು ನನ್ನ ಬಾಯಿಗೇ ತಂದು ಹಿಡಿದರು. ಅಷ್ಟು ಗೌರವಯುತವಾಗಿ ನನ್ನ ಬಾಯಿ ಮುಚ್ಚಿಸಿದವರು ಇನ್ನೊಬ್ಬರಿಲ್ಲ.

ಅನ್ವಿತಾ ಒಳಗೆ ಹೋಗಿ ಬಂದಳು. ಅದೇ ಬಗೆಯ ಟೆಂಟನ್ನು ಅವರು ಈಗ ಮಾಡುತ್ತಿಲ್ಲವಂತೆ, ಅದರ ಜಿಪ್ಪೂ ಕೋಲೂ ಸಿಗುವುದಿಲ್ಲವಂತೆ. ಹಾಗಾಗಿ ಅದರ ಬದಲಿಗೆ ಮೂವರು ಮಲಗುವ ಹೊಸ ಟೆಂಟು! ಮೌನ ಕುಣಿದಳು. ನನಗೆ ಕಣ್ಣು ತೇವವಾಯಿತು. ಹೋಗುತ್ತೇವೆ, ಏಲಗಿರಿಗೆ ಹೋಗಿಯೇ ಹೋಗುತ್ತೇವೆ!

“ಮುಂದೆ ಏನಾದ್ರೂ ರಿಪೇರಿ ಬಂದ್ರೆ ಬಿಲ್ಲು ಹುಡುಕೋದು ಬೇಡ ಅಂತ ನಾವು ಹೆಸರು ಬರ್ಕೊಳ್ತೇವೆ,” ಎಂದಳು ಅನ್ವಿತಾ. “ಟೆಂಟು ಬಳಸೋರು ಯಾರೋ ಅವರ ಹೆಸರು.”

ನಾನು ಅಂಗಿ ಸರಿಮಾಡಿಕೊಂಡು ಮುಂದೆ ಬಂದೆ. ಅವಳು ನನ್ನನ್ನು ದಾಟಿ ಅತ್ತೆಯವರನ್ನು ನೋಡುತ್ತಿದ್ದಳು.

“ಶಿವಲಿಂಗಮ್ಮ ಅಂತ ಬರ್ಕ ಮಗಾ,” ಎಂದರು ಅತ್ತೆ.

ಮೆಟ್ರೋದಲ್ಲಿ ವಾಪಸು ಬರುವಾಗ ಅತ್ತೆಯವರು ಹೊಸ ಟೆಂಟನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದೆಲ್ಲಿಗೋ ಬೆಟ್ಟಕ್ಕೆ ಹೋಗುತ್ತಾರಂತಲ್ಲ ಎಂದು ಮೊಮ್ಮಗಳನ್ನು ವಿಚಾರಿಸಿದರು. ಮೌನ ಎಲ್ಲ ಹೇಳಿದಳು.

“ಹಂಗಾರೆ ನಾನೂ ಬತ್ತೀನಿ. ನನ್ ಟೆಂಟು ನಾನಿಲ್ದೆ ಹೆಂಗೋದದು?”

“ಅತ್ತೆ, ಅದು ಬೆಟ್ಟ. ನಡೀಬೇಕು,” ಎಂದೆ ಗಾಬರಿಯಿಂದ.

“ನಡಿಯದೇನು ನಂಗೆ ಹೊಸ್ದಾ? ಊರಿಂದ ಮಾದಪ್ಪನ ಬೆಟ್ಟಕ್ಕೆ ನಡ್ಕಂಡೇ ಹೋಗೋಳು ನಾನು. ನೀವು ಯಾವ್ ಬೆಟ್ಟ ಹತ್ತೀರಿ ಅಳಿಯಂದ್ರೇ? ತಿಶೂಲ?”

ರಚನಾ ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗಿಟ್ಟುಕೊಂಡಳು. ಮೌನ, “ಅಜ್ಜಿ, ಸೂಪರ್! ನೀನೇ ಬಾ!” ಎಂದು ಅವರ ಕೈ ಹಿಡಿದಳು. ಮನೆಯಿಂದ ಒಬ್ಬರಾದರೂ ಬಂದರೆ ಸಾಕಲ್ಲವೇ? ಬಂದಾಯಿತು. ‘ನೀ ವರ್ರಿಯಾ’ ಎಂದು ನನ್ನನ್ನು ಕೇಳಿದ ಬಾಯಿ ಅದೇನಾ ಎಂದು ನನಗೆ ನಿಜವಾಗಿಯೂ ದುಃಖವಾಯಿತು. ಕಂಬಿ ಹಿಡಿದು ನಿಂತೆ. ಅತ್ತೆಯವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು.

“ಮೂರ್ ಜನಕ್ಕೆ ಜಾಗ ಅದೆ ಅಂದಳಲ್ಲ ಆ ಹುಡ್ಗಿ,” ಎಂದರು. “ಅಳಿಯಂದ್ರೂ ಬರ್ಲಿ ಬುಡವ್ವ. ಸಾಮಾನು ಹೊತ್ಕಳಕ್ಕೆ ಯಾರಾರ ಬೇಕಲ್ಲ.”

ಮಾಲೀಕರ ಅಪ್ಪಣೆಯಾಯಿತು.

ಸೋಮವಾರ ಆಫೀಸಿನಲ್ಲಿ ಅಂಬುಜಮ್ಮನವರ ಮೋಟಾರಿನ ಕಾಗದ ಇನ್ನೂ ಮೇಜಿನ ಮೇಲಿತ್ತು. ನಾರು ಬಿದ್ದದ್ದು ನಿಜ, ಮೋಟಾರು ನಿಂತದ್ದೂ ನಿಜ. ಪೆನ್ನು ಸ್ವಲ್ಪ ಹಟ ಮಾಡಿತು. ಆದರೂ ‘ಸರಿಪಡಿಸಿ ಕೊಡಿ’ ಎಂದು ಬರೆದೆ. ನನ್ನ ಕೈಕೆಳಗಿನ ಕೃಷ್ಣರಾಜ ಅದನ್ನು ಓದಿ, ಮತ್ತೆ ಓದಿ, ನನ್ನ ಹಣೆ ಮುಟ್ಟಿ ನೋಡಿ, “ಸಾರ್, ಮನೆಗೆ ಹೋಗಿ ರೆಸ್ಟ್ ತಗೊಳ್ಳಿ,” ಎಂದ. ಹೇಳಿಕೊಳ್ಳಲು ನಾಚಿಕೆ, ಆದರೆ ಆ ದಿನ ಊಟ ಬಹಳ ರುಚಿಯಾಗಿತ್ತು.

ಶನಿವಾರ ಏಲಗಿರಿಯಲ್ಲಿ ಬಸ್ಸು ಇಳಿದಾಗ, ಶಿಬಿರದ ಜಾಗಕ್ಕೆ ಕಾಡಿನ ಕಾಲುದಾರಿಯಲ್ಲಿ ಹತ್ತಿ ಹೋಗಬೇಕೆಂದು ಪಿ.ಟಿ. ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಸರು ಬರೆದುಕೊಳ್ಳುತ್ತಿದ್ದರು. ನಮ್ಮ ಸರದಿ ಬಂತು. ಮೌನ ಪರಿಚಯ ಮಾಡಿಕೊಟ್ಟಳು.

“ಸಾರ್, ಇವರು ನಮ್ಮ ಅಜ್ಜಿ. ಟೆಂಟ್ ಓನರ್. ಇವರು ನಮ್ಮಪ್ಪ,” ಎಂದು ನನ್ನ ತೋಳು ಹಿಡಿದುಕೊಂಡಳು, “ಹಿಮಾಲಯದಲ್ಲಿ ಸ್ನೋ ಸ್ಟಾರ್ಮಲ್ಲಿ ಒಬ್ಬರೇ ಬದುಕಿ ಬಂದೋರು. ಫೋಟೋ ಇದೆ.”

ಮೇಷ್ಟ್ರ ಮುಖದಲ್ಲಿ ಭಕ್ತಿ ಮೂಡಿತು. ಅವರು ನನ್ನ ಕೈ ಹಿಡಿದು ಕುಲುಕಿ, “ರೊಂಬ ಸಂತೋಷಂ ಸಾರ್!” ಎಂದು, ಇಡೀ ಶಿಬಿರದ ಅನ್ನ ಬೇಯಿಸುವ ಪಾತ್ರೆಯನ್ನು ಎತ್ತಿ ನನ್ನ ಬೆನ್ನಿಗೆ ಕಟ್ಟಿಸಿದರು. ನಾನು ನಿಜ ಹೇಳಲು ಮೌನಳ ಕಡೆ ನೋಡಿದೆ. ಅವಳು ಕಣ್ಣು ಮಿ‌ಟುಕಿಸಿದಳು. ಹೇಳದೆ ಹೊತ್ತುಕೊಂಡೆ.

ಹತ್ತಿದೆವು. ಅತ್ತೆಯವರು ಸೀರೆ ಎತ್ತಿ ಕಟ್ಟಿ, ಮಾದಪ್ಪನ ಹೆಸರು ಹೇಳುತ್ತ ಎಲ್ಲರಿಗಿಂತ ಮುಂದೆ ಹೋದರು. ನಾನು ಎಲ್ಲರಿಗಿಂತ ಹಿಂದೆ. ಬೆನ್ನ ಮೇಲೆ ಪಾತ್ರೆ, ಎದೆಗೆ ಟೆಂಟು, ಕಣ್ಣಿಗೆ ಕತ್ತಲೆ. ದಾರಿ ತಿರುಗುವಲ್ಲಿ ಒಂದು ಬಂಡೆಯ ಹತ್ತಿರ ಮೌನ ಗೆಳತಿಯರನ್ನೆಲ್ಲ ಮುಂದೆ ಕಳಿಸಿ, ಒಬ್ಬಳೇ ನಿಂತು ನನಗಾಗಿ ಕಾಯುತ್ತಿರುವುದು ಕಾಣಿಸಿತು. ಎಂಥ ಮಗಳು! ನನ್ನ ಎದೆ ತುಂಬಿ ಬಂತು, ಕಾಲಿಗೆ ಎಲ್ಲಿಂದಲೋ ಬಲ ಬಂತು. ಏದುಸಿರು ಬಿಡುತ್ತ ಅವಳ ಹತ್ತಿರ ಹೋಗಿ ನಿಂತೆ.

“ಬಂದ್ಯಾ ಅಪ್ಪಾ?” ಎಂದು ಅಕ್ಕರೆಯಿಂದ ನಕ್ಕು, ತನ್ನ ಬ್ಯಾಗನ್ನು ಹೆಗಲಿಂದ ಇಳಿಸಿ ನನ್ನ ಕೊರಳಿಗೆ ಹಾಕಿದಳು.